ಬಿಳಿ ಕೋಟಿಗೆ ಬಿದ್ದ ಕಾಂತದ್ರವ

ನಮ್ಮ ಮನೆಗೆ ವಿಜ್ಞಾನವನ್ನು ನುಗ್ಗಿಸಿಯೇ ತೀರುತ್ತೇನೆ ಎಂದು ಆ ಭಾನುವಾರ ಬೆಳಿಗ್ಗೆ ನಾನು ಶಪಥ ಮಾಡಿದೆ. ಮಾಡಿದ್ದು ಬಚ್ಚಲಿನಲ್ಲಿ, ಗಡ್ಡಕ್ಕೆ ಸೋಪು ಹಚ್ಚಿಕೊಂಡು, ಕನ್ನಡಿಯ ಎದುರು. ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಆದರೇನು, ಶಪಥ ಶಪಥವೇ! ಮಹಾಪುರುಷರು ಜನ ಸೇರಲಿ ಎಂದು ಕಾಯುತ್ತಾ ಕೂರುವುದಿಲ್ಲ.

ನನ್ನ ಉದ್ಯೋಗದ ವಿಷಯ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ನನ್ನ ಹಾಗೆ ಗೊಂದಲಕ್ಕೆ ಬೀಳುತ್ತೀರಿ. ನಾನು ಇರುವುದು ಕಾಂತದ್ರವ ತಯಾರಿಸುವ ಒಂದು ಕಾರ್ಖಾನೆಯಲ್ಲಿ. ಕಾಂತದ್ರವ ಎಂದರೆ ಅಯಸ್ಕಾಂತ ಕಂಡರೆ ಎದ್ದು ನಿಲ್ಲುವ ಎಣ್ಣೆ. ಕಣ್ಣಿಗೆ ಕಾಣುವ ಮಾತೇ ಇಲ್ಲದಷ್ಟು ಸಣ್ಣ ಕಬ್ಬಿಣದ ಆಕ್ಸೈಡಿನ ಕಣಗಳಿಗೆ, ಅವು ಒಂದಕ್ಕೊಂದು ಅಂಟಿಕೊಳ್ಳದಂತೆ ಸೋಪಿನಂಥದ್ದೇನೋ ಸವರಿ, ಎಣ್ಣೆಯಲ್ಲಿ ತೇಲಿಬಿಡುತ್ತಾರೆ. ಕಪ್ಪಗೆ ಹೊಳೆಯುತ್ತಾ ಸುಮ್ಮನೆ ಬಿದ್ದಿರುತ್ತದೆ. ಅಯಸ್ಕಾಂತ ಹತ್ತಿರ ತಂದಿರೋ, ಮೈತುಂಬ ಮುಳ್ಳೆಬ್ಬಿಸಿಕೊಂಡು ಮುಳ್ಳುಹಂದಿ! ದೂರ ಒಯ್ದರೆ ತಾನೇನೂ ಮಾಡಿಯೇ ಇಲ್ಲವೆಂಬಂತೆ ಮತ್ತೆ ಎಣ್ಣೆ.

ಇದನ್ನು ತಯಾರಿಸುವವನು ನಾನಲ್ಲ. ತಯಾರಿಸುವವರು ಪ್ರಯೋಗಾಲಯದಲ್ಲಿದ್ದಾರೆ, ಅವರ ಮುಖ್ಯಸ್ಥರಿಗೆ ನಾವಿಟ್ಟ ಹೆಸರು 'ಮೌನಿ'. ಅವರು ಆಡದೆ ಉಳಿಸಿದ ಮಾತುಗಳನ್ನೆಲ್ಲ ಖರ್ಚು ಮಾಡುವುದು ನನ್ನ ಕೆಲಸ. ಕಾರ್ಖಾನೆ ನೋಡಲು ಬಂದ ಅತಿಥಿಗಳನ್ನು ಸುತ್ತಾಡಿಸಿ, ವಿವರಣೆ ಕೊಟ್ಟು, ಚಹಾ ಕುಡಿಸಿ ಕಳಿಸುತ್ತೇನೆ. ಭಾಷಣ ಬಾಯಿಪಾಠ. "ಸ್ಪೀಕರಿನೊಳಗಿನ ಸುರುಳಿ ಕಾದುಹೋಗದಂತೆ ತಂಪಿಡುವುದು ಈ ದ್ರವ! ತಿರುಗುವ ಕಂಬಿಯ ಸುತ್ತ, ಅಯಸ್ಕಾಂತದ ಹಿಡಿತದಲ್ಲಿ ಉಂಗುರವಾಗಿ ನಿಂತು, ಕಂಬಿಯನ್ನು ಸರಾಗವಾಗಿ ತಿರುಗಲು ಬಿಟ್ಟು, ಗಾಳಿ ಧೂಳು ಮಾತ್ರ ನುಸುಳದಂತೆ ಬಾಗಿಲು ಕಾಯುವುದು ಈ ದ್ರವ! ಗುಜರಿಯಲ್ಲಿ ಬೆರೆತುಹೋದ ಲೋಹಗಳಲ್ಲಿ ಹಗುರದ್ದನ್ನು ತೇಲಿಸಿ, ಭಾರದ್ದನ್ನು ಮುಳುಗಿಸಿ ಬೇರೆ ಮಾಡುವುದೂ ಈ ದ್ರವವೇ!" ಇಷ್ಟನ್ನು ನಾನು ಒಂದೇ ಉಸಿರಿನಲ್ಲಿ ಹೇಳಬಲ್ಲೆ. ಯಾರಾದರೂ ಪ್ರಶ್ನೆ ಕೇಳಿದರೆ ಮಾತ್ರ ಆ ಉಸಿರು ಸಿಕ್ಕಿಕೊಳ್ಳುತ್ತದೆ.

ಕಳೆದ ವಾರ ಹಾಗೆಯೇ ಆಯಿತು. ಅತಿಥಿಗಳಲ್ಲೊಬ್ಬರು ನಿವೃತ್ತ ಶಾಲಾ ಮುಖ್ಯೋಪಾಧ್ಯಾಯಿನಿ. ಭಾಷಣ ಪೂರ್ತಿ ಕೇಳಿ, ಕನ್ನಡಕ ಒರೆಸಿಕೊಂಡು ಕೇಳಿದರು: "ಎಲ್ಲಾ ಸರಿಯಪ್ಪಾ. ಮನೇಲಿ ಇದರಿಂದ ಏನು ಉಪಯೋಗ?"

"ಸ್ಪೀಕರ್ ಇದೆಯಲ್ಲ ಮೇಡಂ..."

"ನಮ್ಮನೇಲಿ ಸ್ಪೀಕರ್ ಇಲ್ಲ."

"ತಿರುಗೋ ಕಂಬಿ..."

"ನಮ್ಮನೇಲಿ ತಿರುಗೋದು ನಾನೊಬ್ಬಳೇ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೌನಿಯವರೂ ಹಲ್ಲು ಬಿಟ್ಟರು. ನನಗೆ ಅವಮಾನವಾಯಿತು. ಅಂದಿನಿಂದ ಕೂತಲ್ಲಿ ನಿಂತಲ್ಲಿ ಅದೇ ಯೋಚನೆ: ಮನೆಯಲ್ಲಿ ಏನು ಉಪಯೋಗ? ಭಾನುವಾರ ಸೋಪಿನ ನೊರೆಯ ನಡುವೆ ಉತ್ತರ ಹೊಳೆಯಿತು. ನಮ್ಮ ಮನೆಯಲ್ಲಿ ಕಂಬಿ ಇದೆ! ಹೆಂಡತಿಯ ಹೊಲಿಗೆ ಮಿಷನ್ನಿನಲ್ಲಿ ಇದೆ!

ನನ್ನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಬಡಾವಣೆಯವರ ಪ್ಯಾಂಟಿನ ತುದಿ ಮಡಚಿ, ಕಿತ್ತುಹೋದ ಜಿಪ್ಪು ಬದಲಿಸಿ, ದಪ್ಪಗಾದವರ ಬಟ್ಟೆಯ ಹೊಲಿಗೆ ಬಿಚ್ಚಿ, ಸಣ್ಣಗಾದವರ ಬಟ್ಟೆ ಹಿಡಿದು ಅವಳಿಗೆ ಸಾಕಾಗಿಹೋಗಿತ್ತು. "ಯಾರೋ ಹೊಲಿದದ್ದನ್ನ ರಿಪೇರಿ ಮಾಡೋದೇ ಆಯ್ತು. ನಾನು ಹೊಲಿದದ್ದು ಅಂತ ಒಂದು ಬೇಡ್ವಾ?" ಎನ್ನುತ್ತಿದ್ದಳು. ಆಗಲೇ ನಮ್ಮ ಕಾರ್ಖಾನೆಯ ಪ್ರಯೋಗಾಲಯದವರಿಗೆಲ್ಲ ಬಿಳಿ ಕೋಟು ಹೊಲಿಸುವ ವಿಷಯ ಬಂತು. ಎರಡು ದೊಡ್ಡ ಟೈಲರಿಂಗ್ ಕಂಪನಿಗಳ ಜೊತೆ ಇವಳೂ ಹೆಸರು ಕೊಟ್ಟಳು. ಸೋಮವಾರ ಬೆಳಿಗ್ಗೆ ಮಾದರಿ ಕೋಟು ತಂದು ತೋರಿಸಬೇಕು. ಗೆದ್ದರೆ ಕೈತುಂಬ ಕೆಲಸ, ಅವಳದ್ದೇ ಒಂದು ಹೊಲಿಗೆ ಕೋಣೆ. ಸೋತರೆ ಮತ್ತೆ ಪ್ಯಾಂಟಿನ ತುದಿ.

ಆರಿಸುವವರು ಖರೀದಿ ವಿಭಾಗದ ಮುಖ್ಯಸ್ಥೆ. ಪೆನ್ಸಿಲ್ ಕೊಳ್ಳುವಾಗಲೂ ಭೂತಗನ್ನಡಿ ಹಿಡಿದು ನೋಡುವವರಾದ್ದರಿಂದ ಅವರ ಹೆಸರೇ 'ಭೂತಗನ್ನಡಿ ಮೇಡಂ'. ನನ್ನನ್ನು ಕರೆದು ಮೊದಲೇ ಎಚ್ಚರಿಸಿದ್ದರು: "ನಿಮ್ಮ ಮನೆಯವರು ಅಂತ ಒಂದೇ ಒಂದು ಮಾತು ಆಡಿದ್ರೂ ಕೋಟು ವಾಪಸ್." ಹೀಗಾಗಿ ಹೆಂಡತಿಗೆ ಮಾತಿನಲ್ಲಿ ಸಹಾಯ ಮಾಡುವಂತಿರಲಿಲ್ಲ. ಕೃತಿಯಲ್ಲಿ ಮಾಡಬಾರದು ಎಂದು ಯಾರೂ ಹೇಳಿರಲಿಲ್ಲವಲ್ಲ!

ಆ ಮಿಷನ್ನಿಗೆ ಒಂದು ಕೆಟ್ಟ ಚಾಳಿ ಇತ್ತು. ಸೂಜಿ ಹಿಡಿದ ಸರಳಿನಿಂದ, ಅಂದರೆ ನಾನು ಹೇಳಿದ ಆ ಕಂಬಿಯಿಂದ, ಆಗೊಮ್ಮೆ ಈಗೊಮ್ಮೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬಿಳಿ ಬಟ್ಟೆ ಹೊಲಿಯುವಾಗ ಹೆಂಡತಿ ಗಳಿಗೆಗೊಮ್ಮೆ ನಿಲ್ಲಿಸಿ ಚಿಂದಿಯಿಂದ ಸರಳನ್ನು ಒರೆಸುತ್ತಿದ್ದಳು. ಕಾಂತದ್ರವದ ಒಂದು ಉಂಗುರ ಆ ಸರಳಿನ ಸುತ್ತ ನಿಲ್ಲಿಸಿದರೆ ಎಣ್ಣೆಗೆ ಹೊರಗೆ ಬರಲು ದಾರಿಯೇ ಇರುವುದಿಲ್ಲ! ಅತಿಥಿಗಳಿಗೆ ಕೊಡುವ ಪುಟ್ಟ ಮಾದರಿ ಸೀಸೆ ನನ್ನ ಚೀಲದಲ್ಲೇ ಇತ್ತು. ಅರ್ಧಚಂದ್ರದಂಥ ಎರಡು ಅಯಸ್ಕಾಂತಗಳೂ ಇದ್ದವು. ಇನ್ನೇನು ಬೇಕು?

ಬೇಕಾಗಿದ್ದದ್ದು ಹೆಂಡತಿ ಹೊರಗೆ ಹೋಗುವುದು. ಅದೂ ಆಯಿತು. ಕೋಟಿನ ಜೇಬು ಹೊಲಿಯುತ್ತಿದ್ದವಳು ಗಡಿಯಾರ ನೋಡಿ ಗಾಬರಿಯಿಂದ ಎದ್ದಳು.

"ರೀ, ಗುಂಡಿ ತರೋದೇ ಮರೆತಿದೀನಿ. ಭಾನುವಾರ ಮಧ್ಯಾಹ್ನಕ್ಕೆಲ್ಲ ಅಂಗಡಿ ಮುಚ್ಚಿಬಿಡ್ತಾರೆ. ಹೊಲಿಗೆ ಅರ್ಧಕ್ಕಿದೆ, ಹಾಗೇ ಇರಲಿ. ಮಿಷನ್ ಹತ್ರ ಹೋಗಬೇಡಿ."

"ನಾನ್ಯಾಕೆ ಹೋಗ್ಲಿ?"

"ನೀವು ಹಾಗೆ ಕೇಳಿದಾಗಲೇ ನನಗೆ ಭಯ ಆಗೋದು" ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ. ಅತ್ತೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಸಿಕ್ಕುಗಟ್ಟಿದ ದಾರ ಬಿಡಿಸುತ್ತಿದ್ದರು. ನಾನು ಸೀಸೆ ಹೊರತೆಗೆದದ್ದೇ ತಡ, ಅವರ ಕೈ ನಿಂತಿತು.

"ಏನದು ಅಳಿಯಂದಿರೇ? ಶಾಯಿಯಾ?"

"ಶಾಯಿ ಅಲ್ಲ ಅತ್ತೆ, ಎಣ್ಣೆ. ಆದರೆ ಒಳಗೆ ಕಬ್ಬಿಣ ಇದೆ."

"ಕಬ್ಬಿಣ ಇದ್ರೆ ತಳಕ್ಕೆ ಕೂತ್ಕೋಬೇಕಲ್ಲ?"

"ಕೂತ್ಕೊಳ್ಳಲ್ಲ."

"ಯಾಕೆ?"

ಅದೇ ತರಲೆ ಪ್ರಶ್ನೆ! "ಅದಕ್ಕೆ ಪುರುಸೊತ್ತಿಲ್ಲ ಅತ್ತೆ. ಅಷ್ಟು ಸಣ್ಣ ಕಣ ಅಂದ್ರೆ ಯಾವಾಗ್ಲೂ ಅಲ್ಲಿಂದಿಲ್ಲಿಗೆ ಓಡಾಡ್ತಾನೇ ಇರುತ್ತೆ."

"ಓಡಾಡೋದನ್ನ ತಗೊಂಡು ಮಿಷನ್ನಿಗೆ ಹಾಕಿದ್ರೆ ಬಟ್ಟೆ ಮೇಲೆ ಓಡಲ್ವಾ?"

"ಓಡಲ್ಲ. ಅಯಸ್ಕಾಂತ ಹಿಡ್ಕೊಂಡಿರುತ್ತೆ. ನಿಂತೇ ಇರುತ್ತೆ."

"ಈಗ ತಾನೇ ಓಡುತ್ತೆ ಅಂದ್ರಿ."

"ಒಳಗೊಳಗೆ ಓಡುತ್ತೆ, ಹೊರಗೆ ನಿಂತಿರುತ್ತೆ."

ಅತ್ತೆ ನನ್ನನ್ನೇ ನೋಡಿದರು. ನಾನು ಸೀಸೆಯನ್ನು ನೋಡಿದೆ. ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ನನಗೇ ಅನುಮಾನ ಶುರುವಾಯಿತು. ಆದರೆ ಶಪಥ ಮಾಡಿದವನು ಅನುಮಾನ ಪಡುತ್ತಾ ನಿಲ್ಲಬಾರದು.

ಕೋಟಿನ ಜೇಬು ಸೂಜಿಯ ಕೆಳಗೇ ಇತ್ತು. ಎಳೆದು ತೆಗೆದರೆ ಅರ್ಧ ಹೊಲಿಗೆ ಕೆಟ್ಟೀತು. ಹಾಗಾಗಿ ನಾನು ಬಹಳ ಜವಾಬ್ದಾರಿಯಿಂದ ಅದರ ಮೇಲೆ ದಿನಪತ್ರಿಕೆ ಹಾಸಿದೆ. ಅಯಸ್ಕಾಂತದ ಎರಡು ಅರ್ಧಚಂದ್ರಗಳನ್ನು ಸರಳಿನ ಎರಡು ಕಡೆಯಿಂದ ಹತ್ತಿರ ತಂದೆ. ಟಕ್! ಕಚ್ಚಿಕೊಂಡವು. ಹತ್ತಿರದಲ್ಲಿದ್ದ ಗುಂಡುಸೂಜಿಗಳೂ ಆಮಂತ್ರಣವಿಲ್ಲದೆ ಹಾರಿಬಂದು ಕಚ್ಚಿಕೊಂಡವು. ಅವನ್ನು ಕಿತ್ತು, ನಡುವಿನ ಸಂದಿಗೆ ಕಾಂತದ್ರವ ಬಿಟ್ಟೆ. ಆಹಾ! ಅದು ಸರಸರನೆ ಹರಿದು, ಸರಳನ್ನು ತಬ್ಬಿ, ಕಪ್ಪು ಉಂಗುರವಾಗಿ ಹೊಳೆಯುತ್ತಾ ನಿಂತಿತು. ಒಂದು ಹನಿ ಜಾರಲಿಲ್ಲ.

"ನೋಡಿದ್ರಾ ಅತ್ತೆ!"

"ಚೆನ್ನಾಗೇನೋ ಇದೆ. ಮಿಷನ್ನಿಗೆ ಕಾಡಿಗೆ ಹಚ್ಚಿದ ಹಾಗಿದೆ."

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಇವತ್ತು ಈ ಕಥೆ ಹೇಳುತ್ತಿರಲಿಲ್ಲ. ಆದರೆ ಪರೀಕ್ಷೆ ಮಾಡದ ವಿಜ್ಞಾನ ವಿಜ್ಞಾನವೇ? ಪೆಡಲ್ ಒತ್ತಿದೆ. ಮಿಷನ್ನು ಗರ್ರೆಂದಿತು. ನಾನು ಕಣ್ಣು ಮಿಟುಕಿಸದೆ ಸರಳನ್ನೇ ನೋಡುತ್ತಿದ್ದೆ. ಎಣ್ಣೆ? ಇಲ್ಲ! ಇನ್ನಷ್ಟು ಒತ್ತಿದೆ. ಎಣ್ಣೆ? ಇಲ್ಲವೇ ಇಲ್ಲ! ಸಂತೋಷ ತಡೆಯಲಾರದೆ ಪೆಡಲನ್ನು ತುಳಿದೇ ತುಳಿದೆ. ಮುಖ್ಯೋಪಾಧ್ಯಾಯಿನಿ ಮೇಡಂ, ಬನ್ನಿ ನೋಡಿ ಬನ್ನಿ!

"ಅಳಿಯಂದಿರೇ" ಎಂದರು ಅತ್ತೆ ನಿಧಾನವಾಗಿ, "ನೀವು ಪೇಪರನ್ನ ಕೋಟಿಗೆ ಹೊಲೀತಾ ಇದೀರಿ."

ನಿಲ್ಲಿಸಿ ನೋಡಿದೆ. ನಿಜ. ದಿನಪತ್ರಿಕೆ ಜೇಬಿಗೆ ಭದ್ರವಾಗಿ ಕೂತಿತ್ತು. ಹರಿದು ತೆಗೆದೆ. ಹೊಲಿಗೆಯುದ್ದಕ್ಕೂ ಕಪ್ಪು ಚುಕ್ಕೆಗಳು, ಇರುವೆ ಸಾಲು ಹೊರಟ ಹಾಗೆ! ಆಮೇಲೆ ಗೊತ್ತಾಯಿತು: ಆ ಉಂಗುರದ ಕಾವಲು ತಿರುಗುವ ಕಂಬಿಗೆ ಮಾತ್ರ. ಸೂಜಿಯ ಸರಳು ತಿರುಗುವುದಿಲ್ಲ, ಮೇಲೆ ಕೆಳಗೆ ಕುಣಿಯುತ್ತದೆ. ಪ್ರತಿ ಸಲ ಕೆಳಗಿಳಿದಾಗಲೂ ಅದು ಒಂದಿಷ್ಟು ಕಾಂತದ್ರವವನ್ನು ಒರೆಸಿಕೊಂಡು ಬಂದು ಸೂಜಿಗೆ ದಾಟಿಸಿತ್ತು, ಸೂಜಿ ಕೋಟಿಗೆ ದಾಟಿಸಿತ್ತು. ತೊಟ್ಟಿಕ್ಕುತ್ತಿದ್ದ ಎಣ್ಣೆಯನ್ನು ತಡೆದು ನಾನು ಹೊಲಿಗೆ ಹೊಲಿಗೆಗೂ ಎಣ್ಣೆ ತುಂಬಿಸಿದ್ದೆ!

ಗಾಬರಿಯಲ್ಲಿ ಅಯಸ್ಕಾಂತ ಎರಡನ್ನೂ ಕಿತ್ತೆ. ಅದು ಎರಡನೆಯ ತಪ್ಪು. ಹಿಡಿದವರು ಕೈಬಿಟ್ಟ ಮೇಲೆ ಉಂಗುರವೆಲ್ಲಿಂದ ಬಂತು? ಇದ್ದ ದ್ರವವೆಲ್ಲ ಒಟ್ಟಾಗಿ ಜೇಬಿನ ಮೇಲೆ ಬಿತ್ತು.

ಆಗ ನನ್ನ ತಲೆಯಲ್ಲಿ ಇನ್ನೊಂದು ದೀಪ ಹತ್ತಿತು. ಬೇರೆ ಯಾವ ಗಂಡನಾಗಿದ್ದರೂ ಬಕೆಟ್ಟಿಗೆ ಓಡುತ್ತಿದ್ದ. ನಾನು ವಿಷಯ ತಿಳಿದವನು! ಇದು ಅಯಸ್ಕಾಂತದ ಮಾತು ಕೇಳುವ ಕಲೆ. ಕರೆದರೆ ಬರಲೇಬೇಕು!

ಕೋಟನ್ನು ಮಡಚಿ ಮೇಜಿನ ಮೇಲಿಟ್ಟು, ಜೇಬಿನೊಳಗೆ ಅಯಸ್ಕಾಂತ ಇಳಿಬಿಟ್ಟೆ. ಕಲೆ ನಿಜಕ್ಕೂ ಕದಲಿತು. ಮೇಲೆ ಹೊಳೆಯುತ್ತಿದ್ದ ಕಪ್ಪು ಕಣ್ಣೆದುರಿಗೇ ಬಟ್ಟೆಯೊಳಗೆ ಇಳಿದು ಮಂಕಾಯಿತು.

"ಹೋಯ್ತು ಅತ್ತೆ, ಹೋಯ್ತು!"

"ಎಲ್ಲಿಗೆ ಹೋಯ್ತು?"

ಅತ್ತೆಯವರ ಪ್ರಶ್ನೆಗಳು ಚಿಕ್ಕವು, ಉತ್ತರಗಳೇ ಭಯಂಕರ. ಜೇಬಿನ ಒಳಗೆ ಹೋಗಿತ್ತು. ಅಲ್ಲಿಂದ ಕರೆಯಲು ಕೋಟಿನ ಒಳಮೈಗೆ ಅಯಸ್ಕಾಂತ ಹಿಡಿದೆ, ಒಳಮೈಗೆ ಬಂತು. ಮಡಚಿದ ಕೋಟಿನ ಅಡಿಯಿಂದ ಹಿಡಿದೆ; ಬೆನ್ನಿಗೆ ಬಂತು. ಬಹಳ ವಿಧೇಯ ದ್ರವ! ಕರೆದ ಕಡೆಗೆಲ್ಲ ಬರುತ್ತಿತ್ತು, ಆದರೆ ಬಿಟ್ಟುಬಂದ ಜಾಗವನ್ನು ಖಾಲಿ ಮಾಡಿ ಬರುತ್ತಿರಲಿಲ್ಲ. ಒಂದು ಕಲೆ ಇದ್ದದ್ದು ನನ್ನ ಪ್ರಯತ್ನದಿಂದ ಸಂಸಾರವಂತನಾಗಿ ಕೋಟಿನ ಎಲ್ಲ ಕೋಣೆಗಳಲ್ಲೂ ಬಿಡಾರ ಹೂಡಿತು.

"ಇನ್ನು ನಿಮ್ಮ ವಿಜ್ಞಾನ ಸಾಕು. ಸೀಮೆಎಣ್ಣೆ ತನ್ನಿ" ಎಂದು ಅತ್ತೆ ಸೆರಗು ಕಟ್ಟಿಕೊಂಡು ಎದ್ದರು.

ಸೀಮೆಎಣ್ಣೆ ಹಾಕಿದೆವು. ಕಪ್ಪು ಕಲೆ ಅಗಲವಾಗಿ ಬೂದು ಕಲೆಯಾಯಿತು. ಸೋಪು ಹಾಕಿ ಬ್ರಷ್ಷಿನಲ್ಲಿ ಉಜ್ಜಿದೆವು. ಬಿಸಿನೀರಿನಲ್ಲಿ ನೆನೆಸಿದೆವು. "ಬಡೀರಿ" ಎಂದರು ಅತ್ತೆ, ಕಲ್ಲಿಗೆ ಬಡಿದೆ. "ಜೋರಾಗಿ ಬಡೀರಿ" ಎಂದರು, ಮೌನಿಯವರನ್ನು ನೆನೆದು ಬಡಿದೆ. ಒಂದು ತುದಿ ಅವರು, ಒಂದು ತುದಿ ನಾನು ಹಿಡಿದು ಹಿಂಡಿದೆವು. ಅತ್ತೆಯ ಕೈಯಲ್ಲಿ ಅಷ್ಟು ಬಲವಿದೆ ಎಂದು ಮದುವೆಯಾದ ಮೇಲೆ ಅಂದೇ ನನಗೆ ತಿಳಿದದ್ದು. ಬಚ್ಚಲಿನ ಗೋಡೆಗೆ ಹೋಗಿ ಬಿದ್ದೆ. ಒಣಗಲಿ ಎಂದು ಇಸ್ತ್ರಿಪೆಟ್ಟಿಗೆ ತಂದೆ.

"ಸೀಮೆಎಣ್ಣೆ ವಾಸನೆ ಇನ್ನೂ ಹೊಡೀತಾ ಇದೆ, ಇಸ್ತ್ರಿ ಮಾಡ್ತೀರಾ? ಮನೆಗೇ ಬೆಂಕಿ ಇಡ್ತೀರಾ?"

ಅದೊಂದನ್ನು ಮಾತ್ರ ಮಾಡಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆದ ಸದ್ದಾಯಿತು. ಹೆಂಡತಿ ಗುಂಡಿಯ ಪೊಟ್ಟಣ ಹಿಡಿದು ಒಳಗೆ ಬಂದಳು. ನಾನು ಕೋಟನ್ನು ಬೆನ್ನ ಹಿಂದೆ ಹಿಡಿದಿದ್ದೆ, ಅದರಿಂದ ನೀರು ತೊಟತೊಟ ಸುರಿಯುತ್ತಿತ್ತು.

"ರೀ, ಏನದು ಹಿಂದೆ?"

"ಕೋಟು."

"ಯಾವ ಕೋಟು?"

"ನಿನ್ನದೇ."

"ನಂದು ಬಿಳೀದು."

"ಇದೂ ಬಿಳೀದೇ ಆಗಿತ್ತು ಕಣೇ..."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಕೋಟನ್ನು ತೆಗೆದುಕೊಂಡು ಕುರ್ಚಿಯಲ್ಲಿ ಕೂತಳು. ಗುಂಡಿಯ ಪೊಟ್ಟಣ ಮಡಿಲಿನಿಂದ ಜಾರಿ ನೆಲಕ್ಕೆ ಬಿತ್ತು, ಅದನ್ನು ಎತ್ತಿಕೊಳ್ಳಲೂ ಇಲ್ಲ. ಬಟ್ಟೆ ಇನ್ನು ಒಂದು ತುಂಡೂ ಉಳಿದಿರಲಿಲ್ಲ, ಅಂಗಡಿ ಮುಚ್ಚಿತ್ತು. ವಾರವಿಡೀ ಅವಳು ಆ ಕಾಲರನ್ನು ಬಿಚ್ಚಿ ಮತ್ತೆ ಮತ್ತೆ ಹೊಲಿದದ್ದನ್ನು ನಾನು ನೋಡಿದ್ದೆ. ಕಣ್ಣು ತುಂಬಿಕೊಂಡು ಕೂತಿದ್ದ ಅವಳನ್ನು ನೋಡಿ ನನಗೆ ಎಲ್ಲಾದರೂ ಓಡಿಹೋಗೋಣ ಎನ್ನಿಸಿತು.

"ಒಳ್ಳೇದಾಗ್ಲಿ ಅಂತ ಮಾಡಿದೆ" ಎಂದೆ.

"ಅದು ಗೊತ್ತು" ಎಂದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಸ್ವಲ್ಪ ಹೊತ್ತಾದ ಮೇಲೆ ಕೋಟನ್ನು ಬೆಳಕಿಗೆ ಹಿಡಿದಳು. ಭುಜದ ಹೊಲಿಗೆಯನ್ನು ಉಗುರಿನಿಂದ ಕೆರೆದಳು. ಜೇಬನ್ನು ಜಗ್ಗಿದಳು.

"ಸೀಮೆಎಣ್ಣೆ ಹಾಕಿದ್ರಾ?"

"ಹಾಕಿದೆ."

"ಬಿಸಿನೀರು?"

"ಕುದಿಯೋದು."

"ಬಡಿದ್ರಾ?"

"ಕಲ್ಲಿಗೆ."

"ಹಿಂಡಿದ್ರಾ?"

"ನಾನೂ ಅತ್ತೆಯೂ. ನಿಮ್ಮಮ್ಮ ಒಂದು ಸಲ ನನ್ನನ್ನೂ ಸೇರಿಸಿ ಹಿಂಡಿದ್ರು."

ಅವಳು ಇನ್ನೊಮ್ಮೆ ಜೇಬು ಜಗ್ಗಿದಳು. ಆಮೇಲೆ ನೆಲದಿಂದ ಪೊಟ್ಟಣ ಎತ್ತಿಕೊಂಡು, ಸೂಜಿಗೆ ದಾರ ಪೋಣಿಸಿ, ಜೇಬಿನ ಉಳಿದ ಹೊಲಿಗೆ ಮುಗಿಸಿ, ಆ ಹಾಳಾದ ಕೋಟಿಗೆ ಒಂದೊಂದೇ ಹೊಸ ಗುಂಡಿ ಹೊಲಿಯತೊಡಗಿದಳು! ನಾನು ಕಕ್ಕಾಬಿಕ್ಕಿಯಾಗಿ ಅತ್ತೆಯ ಕಡೆ ನೋಡಿದೆ. ಅತ್ತೆ ನನ್ನ ಕಡೆ ನೋಡಿದರು. "ಬಿಸಿಲಲ್ಲಿ ಹೋಗಿ ಬಂದಳಲ್ಲ, ತಲೆಗೇರಿರಬೇಕು" ಎಂದರು ಮೆಲ್ಲಗೆ. ಏನು ಮಾಡುತ್ತಿದ್ದೀಯ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಸೋಮವಾರ ಕಾರ್ಖಾನೆಯ ಸಭಾಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ಮೂರು ಕೋಟುಗಳು. ಎರಡು ಕಂಪನಿಯವು ಹಾಲಿನಂತೆ ಬೆಳ್ಳಗೆ, ಇಸ್ತ್ರಿಯ ಗೆರೆ ಮುರಿಯದೆ ಮಲಗಿದ್ದವು. ಮೂರನೆಯದು ನಮ್ಮದು. ಅದರ ಬಣ್ಣಕ್ಕೆ ಹೆಸರಿಲ್ಲ. ಕಂಪನಿಯವರಲ್ಲಿ ಒಬ್ಬರು ಟೈ ಕಟ್ಟಿಕೊಂಡು ಬಂದಿದ್ದರು, ಇನ್ನೊಬ್ಬರು ಸೆಂಟು ಹಾಕಿಕೊಂಡು ಬಂದಿದ್ದರು. ನಾನು ಗೋಡೆಗೆ ಒರಗಿ, ತುಟಿ ಹೊಲಿದುಕೊಂಡು ನಿಂತಿದ್ದೆ.

ಭೂತಗನ್ನಡಿ ಮೇಡಂ ನಮ್ಮ ಕೋಟಿನ ಮೇಲೆ ಭೂತಗನ್ನಡಿ ಹಿಡಿದರು. ಅದರ ಅಗತ್ಯವೇ ಇರಲಿಲ್ಲ, ಕಲೆ ಬಾಗಿಲಿನಿಂದಲೇ ಕಾಣುತ್ತಿತ್ತು.

"ಏನಮ್ಮಾ ಇದು?"

"ಮೇಡಂ, ನಿಮ್ಮ ಕಾರ್ಖಾನೆಯ ಕರಿ ಎಣ್ಣೆ. ನಿನ್ನೆ ನಮ್ಮ ಮನೇಲಿ ಬಿತ್ತು. ಇಲ್ಲಿ ದಿನಾ ಬೀಳುತ್ತಲ್ವಾ?"

"ಬೀಳುತ್ತೆ" ಎಂದರು ಮೌನಿಯವರು. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರಿಗೆ ಇಂಥ ದನಿ ಇದೆಯೆಂದು ಹಲವರಿಗೆ ಗೊತ್ತೇ ಇರಲಿಲ್ಲ.

"ಬಿದ್ದ ಮೇಲೆ ಏನಾಗುತ್ತೆ ಅಂತ ನೋಡಿ ಅಂತಲೇ ಇದನ್ನ ತಂದೆ. ಸೀಮೆಎಣ್ಣೆ ಹಾಕಿದಾರೆ, ಕುದಿಯೋ ನೀರು ಹಾಕಿದಾರೆ, ಬ್ರಷ್ಷಲ್ಲಿ ಉಜ್ಜಿದಾರೆ, ಕಲ್ಲಿಗೆ ಬಡಿದಿದಾರೆ, ಇಬ್ಬರು ಸೇರಿ ಹಿಂಡಿದಾರೆ. ಒಂದು ಹೊಲಿಗೆ ಬಿಚ್ಚಿದ್ರೆ ತೋರಿಸಿ."

"ಕಲೆ ಹೋಗಿಲ್ವಲ್ಲಮ್ಮ?"

"ಕಲೆ ಯಾರ ಕೋಟಿಂದಲೂ ಹೋಗಲ್ಲ ಮೇಡಂ. ಕಲೆ ತೆಗೆಯೋಕೆ ಹೋದ್ರೆ ಕೋಟು ಉಳಿಯುತ್ತಾ ಅಂತ ನೋಡಬೇಕು."

ಭೂತಗನ್ನಡಿ ಮೇಡಂ ಹೊಲಿಗೆಯ ಮೇಲೆ ಕನ್ನಡಿ ಓಡಿಸಿದರು. ಭುಜ ನೋಡಿದರು, ಕಂಕುಳು ನೋಡಿದರು, ಜೇಬು ಜಗ್ಗಿದರು. ಆಮೇಲೆ ತಲೆಯೆತ್ತಿ, "ಇಷ್ಟೆಲ್ಲ ಮಾಡಿದ್ದು ಯಾರು?" ಎಂದರು.

ಹೆಂಡತಿ ಬೆರಳು ತೋರಿಸಲಿಲ್ಲ. ತೋರಿಸುವ ಅಗತ್ಯವೂ ಇರಲಿಲ್ಲ, ನನ್ನ ಉಗುರುಗಳು ಇನ್ನೂ ಕಪ್ಪಗಿದ್ದವು.

"ಬನ್ನಿ ಇಲ್ಲಿ. ನಿನ್ನೆ ಏನೇನು ಮಾಡಿದ್ರೋ ಅದನ್ನೇ ಈ ಎರಡು ಕೋಟಿಗೂ ಮಾಡಿ."

"ಮೇಡಂ!" ಎಂದು ಟೈಯವರು ಎದ್ದರು. "ಇವರು ಅವರ ಗಂಡ. ಬೇಕಂತಲೇ ಜಾಸ್ತಿ ಎಳೆದ್ರೆ?"

"ಸರಿ. ಹಿಂಡೋವಾಗ ಇನ್ನೊಂದು ತುದಿ ನೀವೇ ಹಿಡ್ಕೊಳ್ಳಿ."

ಹೀಗೆ ಕಾರ್ಖಾನೆಯ ಹಿತ್ತಲಿನ ನಲ್ಲಿಯ ಹತ್ತಿರ, ಕೆಲಸ ಬಿಟ್ಟು ಬಂದು ಸೇರಿದ ಸಹೋದ್ಯೋಗಿಗಳ ಎದುರು, ನಾನು ನನ್ನ ಮೂರ್ಖತನವನ್ನು ಮೊದಲಿನಿಂದ ಕೊನೆಯವರೆಗೆ ಪ್ರದರ್ಶಿಸಿದೆ. ಅಯಸ್ಕಾಂತದಿಂದ ಕಲೆಯನ್ನು ಕರೆಯುವ ಭಾಗವನ್ನು ಹಾರಿಸಲು ನೋಡಿದೆ. "ಅದೂ ಮಾಡಿದ್ರಿ" ಎಂದಳು ಹೆಂಡತಿ. ಅದನ್ನೂ ಮಾಡಿದೆ. ಮೌನಿಯವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ನಿಂತರು, ಅವರ ಭುಜ ಮಾತ್ರ ಕುಲುಕುತ್ತಿತ್ತು. ಕಲ್ಲಿಗೆ ಬಡಿಯುವಾಗಲೇ ಸೆಂಟಿನವರ ಕೋಟಿನ ಗುಂಡಿಗಳು ಒಂದರ ಹಿಂದೆ ಒಂದು ಚಿಮ್ಮಿ ಚರಂಡಿ ಸೇರಿದವು. ಮೇಡಂ ನಮ್ಮ ಕೋಟನ್ನೂ ಹೊಸ ಗುಂಡಿಗಳ ಸಮೇತ ಇನ್ನೊಮ್ಮೆ ಬಡಿಸಿದರು, ಒಂದೂ ಅಲುಗಲಿಲ್ಲ. ಇನ್ನೊಂದು ಕೋಟನ್ನು ಹಿಂಡುವಾಗ ನಾನು ಕೈಗೆ ಬಲವೇ ಹಾಕಲಿಲ್ಲ. ಹೆದರಿದ್ದ ಟೈಯವರೇ ಜಗ್ಗಿದರು. ಚರ್ರೆಂದಿತು. ಜೇಬು ಅವರ ಕೈಗೇ ಬಂತು.

ಟೈಯವರು ಜೇಬನ್ನು ತಮ್ಮ ಜೇಬಿಗೇ ಹಾಕಿಕೊಂಡು ಹೊರಟರು.

ಕೋಟುಗಳ ಕೆಲಸ ನನ್ನ ಹೆಂಡತಿಗೆ ಸಿಕ್ಕಿತು! ಅವಳ ಮುಖ ಅರಳಿದ್ದನ್ನು ನೋಡಿ ನನಗೆ ಹೋದ ಜೀವ ಬಂದಂತಾಯಿತು. ಎಷ್ಟಾದರೂ ಇದರ ಮೂಲ ನಾನೇ ಅಲ್ಲವೇ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ. ನಿನ್ನೆ ನಾನು ಆ ಕೋಟು ಮುಟ್ಟದಿದ್ದರೆ ಇವತ್ತು ಅದೂ ಬೆಳ್ಳಗೆ ಮಲಗಿರುತ್ತಿತ್ತು! ಅಷ್ಟರಲ್ಲಿ ಭೂತಗನ್ನಡಿ ಮೇಡಂ ಕರೆದರು.

"ನೋಡಮ್ಮಾ, ಒಂದು ಷರತ್ತು. ಪ್ರತಿ ಸಲ ಹೊಲಿದ ಕೋಟುಗಳಲ್ಲಿ ಒಂದನ್ನ ಮೊದಲು ನಿಮ್ಮ ಯಜಮಾನರ ಕೈಗೆ ಕೊಡಬೇಕು. ಅವರ ಕೈಯಲ್ಲಿ ಉಳಿದ್ರೆ ಮಾತ್ರ ಬಾಕಿದು ಇಲ್ಲಿಗೆ ಕಳಿಸಿ. ಅವರ ಕೈಯಲ್ಲಿ ಉಳಿದದ್ದು ಎಲ್ಲಾದರೂ ಉಳಿಯುತ್ತೆ."

"ಆಗ್ಲಿ ಮೇಡಂ. ಅದಕ್ಕೆ ಅವರಿಗೆ ಏನೂ ಹೇಳಿಕೊಡಬೇಕಾಗಿಲ್ಲ" ಎಂದಳು ಇವಳು.

ಮೊದಲ ಕೋಟುಗಳು ಸಿದ್ಧವಾದ ದಿನ ಹೆಂಡತಿ ಒಂದನ್ನು ತಂದು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಕಾಂತದ್ರವದ ಸೀಸೆ ಇಟ್ಟಳು. ಅತ್ತೆ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು.

"ಹೂಂ, ಶುರು ಮಾಡಿ" ಎಂದಳು ಹೆಂಡತಿ.

ನಾನು ತೋಳು ಮಡಚಿದೆ. ಸೀಸೆಯ ಮುಚ್ಚಳ ತಿರುಗಿಸಿದೆ, ಬರಲಿಲ್ಲ. ಬಲ ಹಾಕಿದೆ, ಬಂತು. ಒಂದಿಷ್ಟು ನನ್ನ ಅಂಗಿಯ ಮೇಲೆ ಚೆಲ್ಲಿತು. ಕೋಟಿನ ಮೇಲೆ ಸುರಿಯಲು ಹೋದೆ, ಗುರಿ ತಪ್ಪಿ ನೆಲಕ್ಕೆ ಬಿತ್ತು. ನೆಲ ಒರೆಸಲು ಬಗ್ಗಿದೆ, ಮ್ಯಾಟಿಗೆ ಹತ್ತಿತು. ಎದ್ದು ಹಣೆ ಒರೆಸಿಕೊಂಡೆ, ಹಣೆಗೆ ಹತ್ತಿತು. ಏನಾಗುತ್ತಿದೆ ಎಂದು ನನಗೆ ಅರ್ಥವೇ ಆಗಲಿಲ್ಲ. ಮನೆಯಲ್ಲಿ ಕಪ್ಪಾಗಬಹುದಾದ್ದೆಲ್ಲ ಕಪ್ಪಾಗಿತ್ತು, ಅತ್ತೆಯ ಕನ್ನಡಕದ ಒಂದು ಗಾಜೂ ಸೇರಿ. ಕೋಟು ಮಾತ್ರ ಬೆಳ್ಳಗೆ ಮಲಗಿತ್ತು!

"ಇದೇನು ಅಳಿಯಂದಿರೇ? ಆವತ್ತು ಅಷ್ಟು ಚೆನ್ನಾಗಿ ಮಾಡಿದ್ರಿ" ಎಂದು ಅತ್ತೆ ಪಾಪ ನಿಜವಾಗಿಯೂ ಮರುಗಿದರು.

ಹೆಂಡತಿ ನನ್ನನ್ನು ಒಂದು ಗಳಿಗೆ ನೋಡಿದಳು. ಸೀಸೆಗೆ ಮುಚ್ಚಳ ಸಡಿಲವಾಗಿ ಹಾಕಿ ಬದಿಗಿಟ್ಟಳು. ಚಪ್ಪಲಿ ಮೆಟ್ಟಿಕೊಂಡಳು.

"ಹೋಗ್ಲಿ ಬಿಡಿ, ಇನ್ನೊಂದು ದಿನ ನೋಡೋಣ. ದಾರ ತಂದುಬಿಡ್ತೀನಿ. ರೀ, ಆ ಕೋಟು ಒಂದು ಚೂರೂ ಕೊಳೆ ಆಗದ ಹಾಗೆ ಎತ್ತಿ ಒಳಗಿಡಿ."

"ಅಷ್ಟು ಗೊತ್ತಿಲ್ವಾ ನನಗೆ?" ಎಂದು ನಾನು ಬಹಳ ಜೋಪಾನವಾಗಿ, ಎರಡೂ ಕೈಯಲ್ಲಿ ಕೋಟನ್ನು ಎತ್ತಿಕೊಂಡು ತಿರುಗಿದೆ. ಅದರ ತೋಳು ಸೀಸೆಯನ್ನು ಸವರಿ ಉರುಳಿಸಿ, ಕರ್ರಗಾಗಿ ಬಂತು.

ಹೆಂಡತಿ ಹೊಸಿಲು ದಾಟಿದ್ದಳು ಅಷ್ಟೇ. ತಿರುಗಿಯೂ ನೋಡದೆ ಅಲ್ಲಿಂದಲೇ ಕೇಳಿದಳು:

"ಆಯ್ತಾ?"

"ಆಯ್ತು" ಎಂದೆ.